ರೊಟ್ಟಿ ಉಳಿದ ಚುನಾವಣೆ

ಕಮಲಾಪುರದಲ್ಲಿ ಜಮೀನು, ಕಲಬುರಗಿಯಲ್ಲಿ ರಾಜಕೀಯ. ಅಪ್ಪನ ಬದುಕೆಲ್ಲ ಈ ಎರಡರ ನಡುವೆಯೇ ಓಡಾಡಿತು. ಶಾಸಕರಾಗಿದ್ದ ಅವರನ್ನು ಕಾಣಲು ಕಮಲಾಪುರದ ಮನೆಗೆ ಬಂದವರು ಯಾರೂ ರೊಟ್ಟಿ ತಿನ್ನದೆ ಹೋಗುವಂತಿರಲಿಲ್ಲ. ಅದು ಅವ್ವನ ಕಾನೂನು.

ಅಪ್ಪನ ಕೊನೆಯ ಚುನಾವಣೆಯ ಹೊತ್ತಿಗೆ ಅಂಗಳದ ತುಂಬ ಜನ. ಎಲ್ಲರೂ ಅವರನ್ನು ಬಾಯ್ತುಂಬ ಹೊಗಳಿದರು. ಊಟಕ್ಕೆ ಕರೆದರೆ ಮಾತ್ರ, "ಉಂಡೇ ಬಂದೀವ್ರೀ" ಎಂದು ನೀರು ಕುಡಿದು ಎದ್ದರು. ಸಂಜೆಯಾದರೂ ರೊಟ್ಟಿಬುಟ್ಟಿ ತುಂಬಿಯೇ ಇತ್ತು.

"ಈ ಸಲ ನೀವು ಸೋಲ್ತೀರಿ ನೋಡ್ರಿ," ಎಂದು ಅವ್ವ ಅಪ್ಪನಿಗೆ ಹೇಳಿದಳು. "ಬ್ಯಾರೇರಿಗೆ ಓಟು ಹಾಕೋರಿದ್ದಾರ. ಉಂಡ ಮನಿಗೆ ಎರಡು ಬಗೀಬಾರದಂತ ರೊಟ್ಟಿ ಮುಟ್ಟವಲ್ರು."

ಅಪ್ಪ ನಕ್ಕರು. ಆಮೇಲೆ ಸೋತರು.

ಫಲಿತಾಂಶದ ಮರುದಿನ ಸಮಾಧಾನ ಹೇಳಲು ಅದೇ ಜನ ಬಂದರು. ಸಾಲಾಗಿ ಕೂತು ಹೊಟ್ಟೆ ತುಂಬ ಉಂಡು, ಬುಟ್ಟಿ ಖಾಲಿ ಮಾಡಿದರು. ನನಗೆ ಮೈಯೆಲ್ಲ ಉರಿಯಿತು. ಅಡುಗೆಮನೆಗೆ ಹೋಗಿ, "ಇವರಿಗೆ ನಾಚಿಕಿ ಇಲ್ಲೇನು?" ಎಂದೆ.

ಅವ್ವ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. "ನಾಚಿಕಿ ಇದ್ದದ್ದಕ್ಕೇ ಅವತ್ತು ಉಣಲಿಲ್ಲ. ಹೋಗು, ಪುಂಡಿಪಲ್ಯ ಬಡಸು. ಮುಂದಿನ ಚುನಾವಣಿ ಇವತ್ತೇ ಸುರು ಆಗ್ಯಾದ."