ಪೆಟ್ಟಿಗೆ ಬಿಚ್ಚುವ ತರ್ಸಿಲಾ

ಕವೀಟೆಯ ಹೊಲಿಗೆ ಕಾರ್ಖಾನೆಯ ಹೆಂಗಸರಿಗೆ ಕೊನೆಯ ತಿಂಗಳುಗಳ ಕೂಲಿ ಇನ್ನೂ ಬಂದಿಲ್ಲ. ಮಾಲೀಕ ಗೇಟಿಗೆ ಬೀಗ ಜಡಿದು ವಿಮಾನ ಹತ್ತಿದ. ಹೆಂಗಸರು ಸಾಮಾರ್, ಬಿಕೋಲ್ ಎಂದು ತಮ್ಮ ತಮ್ಮ ಊರುಗಳಿಗೆ ಚದುರಿಹೋದರು. ಶುಕ್ರವಾರ ಸಂಜೆಯೊಳಗೆ ಯಾರ ಹೇಳಿಕೆ ಕೈಸೇರುತ್ತದೋ ಅವರ ದಾವೆ ಮಾತ್ರ ವಿಚಾರಣೆಗೆ ಬರುತ್ತದೆ, ಉಳಿದವರದು ಸತ್ತಹಾಗೆ ಎಂದು ಕಾರ್ಮಿಕ ನ್ಯಾಯಾಲಯ ಹೇಳಿತು. ಹೇಳಿಕೆಗಳು ಮೊದಲು ಬರಬೇಕಾದದ್ದು ನಮ್ಮ ಕಾರ್ಮಿಕ ಸಂಘದ ಜಾಲತಾಣಕ್ಕೆ, ಅಲ್ಲಿಂದ ನ್ಯಾಯಾಲಯಕ್ಕೆ. ಆ ತಾಣವನ್ನು ಕಾಯುತ್ತಿದ್ದವಳು ತರ್ಸಿಲಾ.

ಇವಳು ಚಳವಳಿಯಲ್ಲಿ ಬೆಳೆದವಳಲ್ಲ. ಬಕೋರ್ ಕೊಲ್ಲಿಯಲ್ಲಿ ಬಿದಿರು ನೆಟ್ಟು ಕಪ್ಪೆಚಿಪ್ಪು ಬೆಳೆಸುವವನ ಮಗಳು. ದುಬೈಗೆ ಹೋಗಿ ಪೆಟ್ಟಿಗೆ ಅಂಗಡಿಯಲ್ಲಿ ಕೆಲಸಕ್ಕೆ ಕೂತಳು. ನಮ್ಮ ದ್ವೀಪದೇಶದ ಜನ ಪರದೇಶದಿಂದ ಮನೆಗೆ ದೊಡ್ಡ ರಟ್ಟಿನ ಪೆಟ್ಟಿಗೆ ಕಳಿಸುತ್ತಾರಲ್ಲ, ಅದರ ಅಂಗಡಿ. ಸಾಬೂನು, ಡಬ್ಬದ ಮಾಂಸ, ಟವೆಲು, ಶೂ, ಶೂ ಒಳಗೆ ಚಾಕೊಲೇಟು. ಸಾಗಣೆಯ ಬಾಡಿಗೆ ಪೆಟ್ಟಿಗೆಯ ಅಳತೆಗೆ, ತೂಕಕ್ಕಲ್ಲ. ಹಾಗಾಗಿ ತುರುಕುತ್ತಾರೆ. ಇಬ್ಬರು ಮೇಲೆ ಕೂತರೂ ಮುಚ್ಚಳ ಮುಚ್ಚದಿದ್ದರೆ ನಾದಿನಿಯನ್ನೂ ಕೂರಿಸುತ್ತಾರೆ. ತರ್ಸಿಲಾ ಹೊರಗಿನಿಂದ ಟೇಪು ಹಿಡಿದು ಅಳೆಯುತ್ತಿದ್ದಳು, ಚೀಟಿ ಅಂಟಿಸುತ್ತಿದ್ದಳು. ಒಳಗೇನಿದೆ ಎಂದು ಕೇಳುವುದು ಅವಳ ಕೆಲಸವಲ್ಲ. ಪೆಟ್ಟಿಗೆ ಎಲ್ಲಿಗೆ ಮುಟ್ಟಿತು ಎಂದು ತೋರಿಸುವ ಅಂಗಡಿಯ ಜಾಲತಾಣ ನೋಡಿಕೊಳ್ಳುತ್ತಲೇ ಸರ್ವರ್ ಕೆಲಸ ಕಲಿತಳು. ಮರಳಿ ಬಂದ ಮೇಲೆ ಅದೇ ಹೊಟ್ಟೆಪಾಡಾಯಿತು.

ನಮ್ಮ ತಾಣಕ್ಕೂ ಅವಳು ಪೆಟ್ಟಿಗೆಯ ದಾರಿಯನ್ನೇ ಹಿಡಿದಳು. ಸಾಮಾರಿನ ಕಡಲಂಚಿನಲ್ಲಿ ಸಿಗ್ನಲ್ ಬಂದು ಬಂದು ಹೋಗುತ್ತದೆ, ಫೋನಿಗೆ ಹಾಕಿಸಿದ ಕರೆನ್ಸಿ ನೋಡನೋಡುತ್ತಲೇ ಕರಗುತ್ತದೆ. ಆದ್ದರಿಂದ ಒಂದು ಊರಿನ ಹೇಳಿಕೆಗಳನ್ನೆಲ್ಲ ಒಬ್ಬಳ ಫೋನಿನಲ್ಲಿ ಸೇರಿಸಿ, ಅದುಮಿ, ಒಂದೇ ಗಂಟು ಮಾಡಿ ಕಳಿಸುವುದು. ಇಲ್ಲಿ ಸರ್ವರ್ ಅದನ್ನು ಬಿಚ್ಚಿಕೊಳ್ಳುತ್ತದೆ.

ಬುಧವಾರ ಬೆಳಗ್ಗೆ ಸರ್ವರ್ ಬಿತ್ತು. ಎಬ್ಬಿಸಿದಳು, ಮತ್ತೆ ಬಿತ್ತು. ಯಾರೋ ಬೇಕೆಂದೇ ಕೆಟ್ಟ ಗಂಟುಗಳನ್ನು ಸುರಿಯುತ್ತಿದ್ದರು. ಯಾರೆಂದು ಇವತ್ತಿಗೂ ರುಜುವಾತಿಲ್ಲ, ಅದಕ್ಕೇ ಹೆಸರು ಹೇಳುವುದಿಲ್ಲ. ದೊಡ್ಡ ಗಂಟು ಬಂದರೆ ವಾಪಸ್ಸು ಕಳಿಸು ಎಂದು ತರ್ಸಿಲಾ ಸರ್ವರಿಗೆ ಕಟ್ಟಳೆ ಹಾಕಿದಳು. ಆದರೂ ಬಿತ್ತು. ಕಟ್ಟಳೆ ಇನ್ನೂ ಬಿಗಿ ಮಾಡಿದಳು. ಆಗ ಸಾಮಾರಿನಿಂದ ಮೆದಿಂಗಳ ಫೋನು ಬಂತು. ಮೆದಿಂಗ್ ಕಾರ್ಖಾನೆಯಲ್ಲಿ ಕಾಲರು ಹೊಲಿಯುತ್ತಿದ್ದವಳು. ಅವಳ ಬಾಯಿಗೆ ಸೂಪರ್‌ವೈಸರುಗಳೂ ಹೆದರುತ್ತಿದ್ದರು.

“ಆತೆ, ಆತೆ ಅಂತ ಸ್ವಂತ ಅಕ್ಕನ ಹಾಗೆ ನಿಮ್ಮನ್ನ ನಂಬ್ಕೊಂಡಿದ್ದಕ್ಕೆ ಇದಾ? ಸಿಗ್ನಲ್ ಹುಡುಕ್ಕೊಂಡು ದೋಣೀಲಿ ಬಂದಿದೀನಿ. ಇಡೀ ಊರಿನ ಗಂಟು ಕಳಿಸಿದ್ರೆ ನಿಮ್ ಸರ್ವರ್ ‘ದೊಡ್ಡದಾಯ್ತು’ ಅಂತ ಮುಖಕ್ಕೆ ಎಸೀತು. ಮಾಲೀಕನ ಕಡೆ ಸೇರ್ಕೊಂಡಿದೆಯಾ ಅದು?”

“ಸ್ವಲ್ಪ ತಡಿ ಮೆದಿಂಗ್.”

“ನಾನು ತಡೀತೀನಿ. ಕರೆನ್ಸಿ ತಡಿಯಲ್ಲ.”

ಸಂಘದ ಹಿರಿಯ ದೋಲ್ಫೋ, ನಾವೆಲ್ಲ ಸಂಗಾತಿ ಎಂಬರ್ಥದಲ್ಲಿ ಕಾ ದೋಲ್ಫೋ ಅನ್ನುವುದು, ಪಕ್ಕದಲ್ಲೇ ಚಡಪಡಿಸುತ್ತಿದ್ದರು. “ಈ ಅದುಮೋದು ಬಿಚ್ಚೋದು ಎಲ್ಲಾ ನಿಲ್ಸು ತರ್ಸಿ. ಹೇಳಿಕೆ ಹಾಗ್ಹಾಗೇ ಕಳಿಸ್ಲಿ ಎಲ್ಲಾರೂ.”

“ಮೆದಿಂಗ್ ಫೋನಿಗೆ ಕರೆನ್ಸಿ ನೀವು ಹಾಕಿಸ್ತೀರಾ, ಕಾ? ಹಾಗೇ ಸಿಗ್ನಲ್ಲೂ ಹಾಕಿಸ್ಬಿಡಿ.”



ಸರ್ವರ್ ಬೀಳುವ ಮುಂಚೆ ಒಳಗೆ ಬಂದಿದ್ದ ಒಂದು ಗಂಟನ್ನು ತರ್ಸಿಲಾ ಬೇರೆ ಕಂಪ್ಯೂಟರಿಗೆ ಹಾಕಿಕೊಂಡಳು. ಒಂದು ಫೋಟೋದಷ್ಟೂ ಇರಲಿಲ್ಲ ಅದು. ನಮ್ಮೆದುರೇ ಬಿಚ್ಚಿದಳು. ಸೊನ್ನೆ. ಸೊನ್ನೆಯ ಹಿಂದೆ ಸೊನ್ನೆ. ಪರದೆ ತುಂಬಿತು, ಉರುಳಿತು, ಮತ್ತೆ ತುಂಬಿತು. ಒಂದಕ್ಕೆ ಸಾವಿರ ಪಟ್ಟು ಉಬ್ಬಿ ಕಂಪ್ಯೂಟರು ಉಸಿರುಗಟ್ಟಿ ನಿಂತುಬಿಟ್ಟಿತು. ನೀರಿನ ಫಿರಂಗಿಗೆ ಎದೆ ಕೊಟ್ಟವರು ನಾವು, ಲಾಠಿ ತಿಂದವರು. ಅಷ್ಟು ಸಣ್ಣ ಗಂಟಿನಿಂದ ಅಷ್ಟು ಅಗಾಧವಾದ ಏನೂ-ಇಲ್ಲ ಎದ್ದು ಬಂದದ್ದನ್ನು ಬಾಯಿ ಬಿಟ್ಟುಕೊಂಡು ನೋಡಿದೆವು.

“ಅಷ್ಟು ಸೊನ್ನೆ ಹೆಂಗೆ ಹಿಡಿಸ್ತು ಅದ್ರಲ್ಲಿ?” ಅಂದರು ದೋಲ್ಫೋ.

“‘ಸೊನ್ನೆ, ಕೋಟಿ ಸಲ’ ಅಂತ ಬರೆಯೋಕೆ ಎಷ್ಟು ಜಾಗ ಬೇಕು, ಕಾ? ಒಳಗಿರೋದು ಅಷ್ಟೇ. ಅದನ್ನ ನಂಬಿ ಕೋಟಿ ಸಲ ಹರಡಿಕೊಳ್ಳೋ ದಡ್ಡ ನಮ್ಮ ಸರ್ವರ್.” ಅಷ್ಟು ಹೇಳಿ ಹಣೆ ಚಚ್ಚಿಕೊಂಡಳು. “ನಾನು ಇನ್ನೂ ದಡ್ಡಿ. ದುಬೈ ಅಂಗಡೀಲಿ ಕೂತ ಹಾಗೆ ಹೊರಗಿಂದ ಟೇಪು ಹಿಡಿದಿದೀನಿ! ವಿಷದ ಪೆಟ್ಟಿಗೆ ಸಣ್ಣದು, ಒಳಗೆ ಬಿಟ್ಕೊಂಡೆ. ಮೆದಿಂಗ್ ಪೆಟ್ಟಿಗೆ ದೊಡ್ಡದು, ಆಚೆ ಹಾಕ್ದೆ.”

ಕೂತು ಬರೆದಳು. ಗಂಟನ್ನು ಒಮ್ಮೆಗೇ ಸುರಿದುಕೊಳ್ಳಬಾರದು. ಹಿಡಿ ಹಿಡಿಯಾಗಿ ತೆಗೆಯಬೇಕು, ತೆಗೆಯುವ ಕೈ ಅಳೆಯುತ್ತಲೇ ಇರಬೇಕು. ಅತಿ ದೊಡ್ಡ ಊರಿನ ಹೇಳಿಕೆಗಳೆಲ್ಲ ಸೇರಿದರೂ ಎಷ್ಟಾದೀತೋ ಅದಕ್ಕಿಂತ ಹೆಚ್ಚು ಹೊರಬಿತ್ತೋ, ಅಲ್ಲಿಗೆ ಕೈ ಬಿಡಬೇಕು, ಹೊರಬಂದದ್ದನ್ನೂ ಚೆಲ್ಲಬೇಕು. ಒಂದೇ ಕಡೆಯಿಂದ ರಾಶಿ ಬಂದರೆ ಒಂದಾದ ಮೇಲೆ ಒಂದು, ಸಾಲಿನಲ್ಲಿ. ಹೊರಗಿನ ಅಳತೆಯನ್ನು ಸಡಿಲ ಬಿಟ್ಟಳು.

ಗುರುವಾರ ಮಧ್ಯಾಹ್ನ ಆ ಪರದೆಯ ಮುಂದೆ ಕೂತವರು ಯಾರೂ ಊಟಕ್ಕೆ ಏಳಲಿಲ್ಲ. ತಟ್ಟೆಯಲ್ಲಿ ಅನ್ನ, ಒಣಮೀನು ಆರಿಹೋದವು. ಕೆಟ್ಟ ಗಂಟುಗಳು ಮಳೆಯಂತೆ ಬೀಳುತ್ತಿದ್ದವು. ಒಂದೊಂದೂ ಬಾಯಿ ತೆರೆದು ಸೊನ್ನೆ ಕಕ್ಕಲು ತೊಡಗುತ್ತಿತ್ತು, ಎಲ್ಲೆ ಮುಟ್ಟಿದ ಕೂಡಲೇ ತುಂಡಾಗಿ ಬೀಳುತ್ತಿತ್ತು. ಸರ್ವರ್ ಅಲುಗಲಿಲ್ಲ. ಅವುಗಳ ನಡುವೆಯೇ ಮೆದಿಂಗಳ ಗಂಟು ಬಂತು, ಮೆಲ್ಲಗೆ ಬಿಚ್ಚಿಕೊಂಡಿತು: ಹೆಸರುಗಳು, ಕಾಲರಿನವರು, ತೋಳಿನವರು, ಗುಂಡಿ ಹಾಕುವವರು. ಎಷ್ಟೋ ಗೇಟುಗಳನ್ನು ನಾವು ಕೂಗಿ, ತಳ್ಳಾಡಿ ಕಾದಿದ್ದೇವೆ. ಒಂದು ಘೋಷಣೆಯೂ ಇಲ್ಲದೆ, ಒಬ್ಬ ಬಡವಿಯನ್ನೂ ಆಚೆ ನಿಲ್ಲಿಸದೆ ಕಾದ ಗೇಟನ್ನು ನಾನು ನೋಡಿದ್ದು ಅದೊಂದೇ.

ಶುಕ್ರವಾರ ಸಂಜೆಯೊಳಗೆ ಎಲ್ಲ ಊರಿನ ಹೇಳಿಕೆಗಳೂ ನ್ಯಾಯಾಲಯ ಸೇರಿದವು.

ನಿಮ್ಮ ಸಂಘಕ್ಕೆ, ನಿಮ್ಮ ಆಸ್ಪತ್ರೆಗೆ, ನಿಮ್ಮ ಪಂಚಾಯಿತಿಗೆ ಒಂದು ಜಾಲತಾಣ ಇದ್ದೇ ಇರುತ್ತದೆ. ಇವತ್ತೇ ಹೋಗಿ ಅದನ್ನು ನಡೆಸುವವರನ್ನು ಕೇಳಿ: ಗಂಟನ್ನು ಹೊರಗಿಂದ ಅಳೆಯುತ್ತೀರೋ, ಬಿಚ್ಚುತ್ತ ಅಳೆಯುತ್ತೀರೋ? ಗೊತ್ತಿಲ್ಲ ಎಂದರೆ ಗೊತ್ತು ಮಾಡಿಕೊಳ್ಳುವ ತನಕ ಎದುರಿನ ಕುರ್ಚಿ ಬಿಟ್ಟು ಏಳಬೇಡಿ. ಅದುಮಿ ಕಳಿಸುವುದನ್ನೇ ನಿಲ್ಲಿಸಿಬಿಡುತ್ತೇವೆ ಎಂದರೆ, ಒಪ್ಪಬೇಡಿ.