ಕಡಲೆ ಹುಳಿ, ಕಾಕಾ ಮತ್ತು ನನ್ನ ಕಿಣ್ವ

ನಮ್ಮ ಪ್ರಾಧ್ಯಾಪಕರು ಒಮ್ಮೆ ಕೆಮ್ಮದೆ ಮಾತು ಶುರು ಮಾಡುವುದಿಲ್ಲ. ಆ ಕೆಮ್ಮನ್ನು ನಾನು ಅವರಿಗಿಂತ ಚೆನ್ನಾಗಿ ಕೆಮ್ಮುತ್ತೇನೆ. ಧಾರವಾಡಕ್ಕೆ ಎಂ.ಎಸ್ಸಿ. ಜೀವರಸಾಯನ ಓದಲು ಹೋಗಿ ಮೊದಲ ವರ್ಷ ಪಕ್ಕಾ ಕಲಿತದ್ದು ಅದೊಂದನ್ನೇ. ಎರಡನೇ ವರ್ಷ ಸೆಮಿನಾರಿಗೆಂದು ಅವರು ನನಗೊಂದು ಕಿಣ್ವ ಕೊಟ್ಟರು. ಅಸಿಟೈಲ್-ಕೋಎ ಸಿಂಥೆಟೇಸ್. ಹೆಸರು ಹೇಳಿ ಮುಗಿಸುವಷ್ಟರಲ್ಲಿ ನವಲಗುಂದದ ಬಸ್ಸು ಸ್ಟ್ಯಾಂಡು ಬಿಟ್ಟಿರುತ್ತದೆ.

ಆ ಶನಿವಾರ ಊರಿಗೆ ಬಂದು ಮನೆಯ ಕಟ್ಟೆಯ ಮೇಲೆ ಭಾಷಣದ ತಾಲೀಮು ಮಾಡಿದೆ. ಕೇಳಲು ಕೂತವರು ಕಾಕಾ, ಚಿಗವ್ವ, ಒಂದು ಎಮ್ಮೆ. ಎಮ್ಮೆ ಮಾತ್ರ ಕೊನೆಯವರೆಗೂ ಗಂಭೀರವಾಗಿತ್ತು.

ಕಾಕಾ ಅಂದರೆ ಅಪ್ಪನ ತಮ್ಮ, ಚಿಗವ್ವ ಅವನ ಹೆಂಡತಿ. ಊರಲ್ಲಿ ಯಾರ ಮನೆಯ ಮದುವೆಯಾದರೂ ಟವೆಲ್ಲನ್ನು ಸೊಂಟಕ್ಕೆ ಬಿಗಿದು ಸಾರಿನ ಬಕೆಟ್ಟು ಹಿಡಿಯುವವನು ಅವನೇ. ಶುಗರ್ ಇದೆ. ದಿನಕ್ಕೆರಡು ಗುಳಿಗೆ.

ಮೊದಲು ಪ್ರಾಧ್ಯಾಪಕರ ಕೆಮ್ಮು ಕೆಮ್ಮಿ ಶುರು ಮಾಡಿದೆ. "ಅಸಿಟೇಟ್ ಅಂದ್ರ ಹುಳಿ ಅಂತ ತಿಳ್ಕೋ ಕಾಕಾ. ಅಂಗಡ್ಯಾಗಿನ ವಿನೆಗರಿನ್ಯಾಗ ಇರತೈತಲ್ಲ, ಅದ. ನೀ ತಿಂದ ಜ್ವಾಳದ ರೊಟ್ಟಿ ನಾರನ್ನ ಕರುಳಾಗಿನ ಸೂಕ್ಷ್ಮಜೀವಿ ಹುದುಗಿಸಿದ್ರೂ ಹುಟ್ಟತೈತಿ. ಆ ಹುಳೀನ ಹಿಡಿದು ಮೈಯಿಗೆ ಉಪಯೋಗ ಆಗೂಹಂಗ ಮಾಡೂದು ಈ ಕಿಣ್ವ. ಉಪವಾಸದಾಗ ಕಸುವು ಕೊಡತೈತಿ. ಮಿದುಳಾಗ ನೆನಪಿಗೂ ಬೇಕಂತ, ಇಲಿ ಮ್ಯಾಲೆ ಪ್ರಯೋಗ ಮಾಡಿ ನೋಡ್ಯಾರ."

"ಇಲಿಗೆ ಯಾತರ ನೆನಪಲೇ?" ಎಂದ ಕಾಕಾ.

"ನಮ್ಮ ಜ್ವಾಳದ ಚೀಲ ಎಲ್ಲೈತಿ ಅಂತ," ಎಂದಳು ಚಿಗವ್ವ.

ಇಬ್ಬರೂ ನಕ್ಕು ಚಪ್ಪಾಳೆ ಹೊಡೆದರು. ನಾನು ಅಲ್ಲಿಗೇ ನಿಲ್ಲಿಸಿದೆ. ಭಾಷಣದ ಇನ್ನೊಂದು ಅರ್ಧ, ರೋಗದ ಅರ್ಧ, ಚೀಲದಲ್ಲೇ ಉಳಿಯಿತು. ಚಪ್ಪಾಳೆ ಬಿದ್ದ ಮೇಲೂ ವೇದಿಕೆ ಬಿಡದವನು ಎಂಥ ಕಲಾವಿದ?

ಮೂರು ವಾರಕ್ಕೆ ಚಿಗವ್ವನ ಫೋನು ಬಂತು.

"ಏನ್ ಹೇಳಿ ಹೋದ್ಯೋ ಏನೋ, ನಿಮ್ಮ ಕಾಕಾ ಗುಳಿಗಿ ಬಿಟ್ಟಾರ. ದಿನಾ ಮುಂಜಾನಿ ಧೋತ್ರ ತುಗೊಂಡು ಹೊಲಕ್ಕ ಹೊಂಟಾರ. ಹುಳಿ ಕುಡದ್ರ ಕಸುವು ತಾನ ಬರತೈತಿ, ಗುಳಿಗಿ ಯಾಕ ಅಂತಾರ. ಕಾಲು ಜೋಮು ಹಿಡ್ಯಾಕತ್ತಾವ, ನೀರಡಿಕಿ ಅಂತೂ ಕೇಳಬ್ಯಾಡ."

ಧೋತ್ರ ಅಂದ ಕೂಡಲೇ ನನಗೆ ಎಲ್ಲ ತಿಳಿಯಿತು. ನಮ್ಮ ಎರೆ ಹೊಲಗಳಲ್ಲಿ ಚಳಿಗಾಲಕ್ಕೆ ಕಡಲೆ ಗಿಡದ ಎಲೆಯ ಮೇಲೆ ಹುಳಿ ಕೂರುತ್ತದೆ. ನಸುಕಿನಲ್ಲಿ, ಇಬ್ಬನಿ ಆರುವ ಮೊದಲು, ಗಿಡಗಳ ಮೇಲೆ ಶುಭ್ರ ಧೋತ್ರ ಹಾಸಿ ತೋಯಿಸಿ ತಂಬಿಗೆಗೆ ಹಿಂಡುತ್ತಾರೆ. ಅದೇ ಕಡಲೆ ಹುಳಿ. ಬಾಟಲಿಯಲ್ಲಿಟ್ಟು ಹೊಟ್ಟೆನೋವಿಗೆ ನಾಲ್ಕು ಹನಿ ಕೊಡುವುದು ಹಿರಿಯರ ರೂಢಿ. ಕಾಕಾ ಅದನ್ನು ಲೋಟದಲ್ಲಿ ಕುಡಿಯುತ್ತಿದ್ದ. ಅದರ ಹುಳಿ ಬಹುಪಾಲು ಬೇರೆ ಆಮ್ಲಗಳದು. ನನ್ನ ಕಿಣ್ವ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ನನ್ನ ಮಾತು ನಂಬಿ ಅವನು ಗುಳಿಗೆ ಬಿಟ್ಟಿದ್ದ. ನಂಬಿ ಕುಡಿದದ್ದಾದರೂ ಸರಿಯಾದ ಹುಳಿಯೇ? ಅದೂ ಅಲ್ಲ.

ಮರುದಿನ ಮೊದಲ ಬಸ್ಸಿಗೆ ಹೋದೆ. ಕಾಕಾ ಹೊಲದಲ್ಲಿ ಧೋತ್ರ ಹಿಂಡುತ್ತಿದ್ದ. ಮುಖ ಇಳಿದಿತ್ತು.

"ಬಾರಲೇ ಮಾಸ್ತರ. ಅಂಗಡಿ ಹುಳಿಗಿಂತ ನಮ್ಮ ಹೊಲದ ಹುಳಿ ಏನ್ ಕಡಿಮಿ?"

"ಕಾಕಾ, ಇದು ಬ್ಯಾರೆ ಹುಳಿ."

"ನಾಲಿಗಿಗೆ ಎಲ್ಲಾ ಒಂದ."

ಪ್ರಾಧ್ಯಾಪಕರ ಕೆಮ್ಮು ತೆಗೆದೆ. ನಡೆಯಲಿಲ್ಲ. ಕೊನೆಗೆ ಆ ಒದ್ದೆ ಧೋತ್ರವನ್ನೇ ಸೊಂಟಕ್ಕೆ ಬಿಗಿದು, ತಂಬಿಗೆ ಹಿಡಿದು, ಎಡಭುಜ ಇಳಿಸಿ ಕಾಕಾನೇ ಆದೆ. ಕಡಲೆಯ ಸಾಲುಗಳೇ ಊಟದ ಪಂಕ್ತಿ.

"ತುಗೋರಿ ತುಗೋರಿ, ಇನ್ನೊಂದ್ ಸೌಟು. ಯಾರ ಮದುವಿ ಅಂತ ಕೇಳಬ್ಯಾಡ್ರಿ, ನನಗ ಪಂಕ್ತಿ ಮುಖ್ಯ."

ಕಾಕಾನ ತುಟಿ ಒಂದಿಷ್ಟು ಓರೆಯಾಯಿತು.

"ನನ್ನ ಕಿಣ್ವ ಅಂದ್ರ ನೀನ ಕಾಕಾ. ಚಲೋ ಜೀವಕೋಶ ಕರದ್ರ ಅದಕ್ಕ ಬಡಸತೈತಿ. ಕ್ಯಾನ್ಸರ್ ಗಂಟು ಹಸದು ಕೂತು ಕರದ್ರ ಅದಕ್ಕೂ ಬಡಸತೈತಿ. ಲಿವರಿನ್ಯಾಗ ಕೊಬ್ಬು ಕಟ್ಟಾಕೂ ಕೈ ಹಚ್ಚತೈತಿ. ಅದನ್ನ ಏರಿಸಬೇಕೋ ಇಳಸಬೇಕೋ ಅಂತ ಓದಿದವರ ಇನ್ನೂ ಹುಡುಕಾಕತ್ತಾರ. ಅದರ ಮ್ಯಾಲೆ ಭಾರ ಹಾಕಿ ನೀ ಗುಳಿಗಿ ಬಿಟ್ಟಿ."

ಕಾಕಾ ಬದುವಿನ ಮೇಲೆ ಕೂತ. "ಇದನ್ನ ಅವತ್ತ ಯಾಕ ಹೇಳಲಿಲ್ಲ?"

ಆ ಹೊತ್ತಿಗೆ ಯಾರ ದನಿಯೂ ಸಿಗದೆ ನನ್ನದೇ ದನಿಯಲ್ಲಿ ಹೇಳಿದೆ. "ನೀವು ಚಪ್ಪಾಳಿ ಹೊಡದ್ರಿ. ಅದಕ್ಕ ನಿಲ್ಲಿಸಿದೆ."

ಅವನು ನನ್ನ ಕೈಲಿದ್ದ ತಂಬಿಗೆಯ ಹುಳಿಯನ್ನು ಗಿಡದ ಬುಡಕ್ಕೇ ಚೆಲ್ಲಿ, "ನಡಿ, ಹೋಗೂಣು," ಎಂದ.

ನವಲಗುಂದದ ದವಾಖಾನೆಯಲ್ಲಿ ಡಾಕ್ಟರಮ್ಮ ರಕ್ತ ತೆಗೆಸಿ, "ಗುಳಿಗಿ ಯಾಕ ಬಿಟ್ರಿ?" ಎಂದು ಕೇಳಿದರು. ಕಾಕಾ ಮೊದಲು ಪ್ರಾಧ್ಯಾಪಕರ ಕೆಮ್ಮು ಕೆಮ್ಮಿದ. ಆಮೇಲೆ ಹುಬ್ಬೇರಿಸಿ, ಬೆರಳೆತ್ತಿ, ಕಟ್ಟೆಯ ಮೇಲಿನ ನನ್ನ ಭಾಷಣವನ್ನು ಇಡಿಯಾಗಿ ಒಪ್ಪಿಸಿದ. ಪ್ರತಿ ಮಾತಿನ ನಡುವೆ ಯಾರು ನಕ್ಕರೆಂದು ವಾರೆಗಣ್ಣಲ್ಲಿ ನೋಡುತ್ತಿದ್ದ. ನಾನು ಹಾಗೆ ನೋಡುತ್ತೇನೆಂಬುದು ನನಗೆ ಅವತ್ತೇ ಗೊತ್ತಾದದ್ದು. ಡಾಕ್ಟರಮ್ಮ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ರಿಪೋರ್ಟು ಬಂದ ಮೇಲೆ ನಗು ನಿಲ್ಲಿಸಿದರು.

"ಶುಗರ್ ಭಾಳ ಏರೇತ್ರಿ. ಪುಣ್ಯಾಕ್ಕ ಈಗ ಬಂದೀರಿ. ಇವತ್ತಿಂದನ ಗುಳಿಗಿ ಶುರು ಮಾಡ್ರಿ." ಆಮೇಲೆ ನನ್ನ ಕಡೆ ತಿರುಗಿ, "ನೀವು ಇನ್ನ ಮ್ಯಾಲೆ ಭಾಷಣ ಪೂರ್ತಿ ಮುಗಿಸಿ ಏಳ್ರಿ," ಎಂದರು.

ಸೆಮಿನಾರಿನಲ್ಲಿ ರೋಗದ ಅರ್ಧವನ್ನೇ ಮೊದಲು ಹೇಳಿದೆ. ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ಈಗ ದಿನಾ ಮುಂಜಾನೆ ಕಾಕಾನ ಫೋನು ಬರುತ್ತದೆ. ಹಲೋ ಇಲ್ಲ, ಏನಿಲ್ಲ. ಗುಟುಕ್ ಎಂದು ನೀರು ನುಂಗುವ ಸಪ್ಪಳ, ಹಿಂದೆಯೇ "ಕೇಳಿಸ್ತೇನಲೇ?" ಎಂಬ ಪ್ರಶ್ನೆ, ಆಮೇಲೆ ಕಟ್. ಆದರೆ ಅಂಥ ಸಪ್ಪಳವನ್ನು ಗುಳಿಗೆಯಿಲ್ಲದೆ ಬರೀ ಬಾಯಲ್ಲಿ ನಾನೂ ಮಾಡಬಲ್ಲೆ, ಮತ್ತು ಆ ಮನುಷ್ಯ ನನ್ನ ಕೈಯಲ್ಲೇ ಪಳಗಿದವನು. ಅದಕ್ಕೆ ಚಿಗವ್ವನಿಗೆ ತಿರುಗಿ ಫೋನು ಹಚ್ಚಿ, ಪಾಕೀಟಿನಲ್ಲಿ ಗುಳಿಗೆ ಎಷ್ಟು ಉಳಿದಿವೆ ಎಂದು ಕೇಳುತ್ತೇನೆ.

"ಒಂದು ಕಡಿಮಿ ಆಗೇತಿ," ಅನ್ನುತ್ತಾಳೆ. "ನುಂಗೂದನ್ನ ನಾನೂ ನೋಡೀನಿ. ಇನ್ನರ ಓದಕೋ ಹೋಗು."