ಚೈನ್ ಸೆಟ್ಟೂ ಮದುಮಗಳ ಮಲ್ಲಿಗೆಯೂ

ನನ್ನ ತಂಗಿಯ ಮೊಮ್ಮಗಳ ಮದುವೆ ಬೆಳ್ಮಣ್ಣು ಪೇಟೆಯ ಮದುವೆ ಹಾಲ್‌ನಲ್ಲಿತ್ತು. ಜಡೆಗೆ ಹೂ ನಮ್ಮ ಗಿಡದ್ದೇ ಆಗಬೇಕು, ಅಂಗಡಿಯಿಂದ ತರಬೇಡಿ ಎಂದು ನಾನೇ ಹೇಳಿಟ್ಟಿದ್ದೆ. ಕಾಪು ಕಡೆಯ ನಮ್ಮ ಮನೆಯಲ್ಲಿ ಮಲ್ಲಿಗೆ ಬಿಟ್ಟರೆ ಹೇಳಿಕೊಳ್ಳುವಂಥದ್ದು ಬೇರೆ ಏನೂ ಇಲ್ಲ. ಮಣಿಪಾಲದಿಂದ ಬರುವ ಬ್ಯೂಟಿಶಿಯನ್ ಹತ್ತು ಗಂಟೆಗೆ ಜಡೆಗೆ ಕೈ ಹಾಕುತ್ತಾಳೆ, ಅಷ್ಟರೊಳಗೆ ಹೂ ಅಲ್ಲಿರಬೇಕು. ಬೈಕಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದವನು ನನ್ನ ಮಗ.

ಅವನು ಗಲ್ಫಿನಲ್ಲಿ ಏಸಿ ರಿಪೇರಿ ಮಾಡಿ ಬಂದವನು. ಸ್ಪ್ಯಾನರ್ ಹಿಡಿದರೆ ಯಾವ ಯಂತ್ರವೂ ತನ್ನ ಮಾತು ಕೇಳುತ್ತದೆಂಬ ನಂಬಿಕೆ. ಬೈಕಿನ ಚೈನು ತಿಂಗಳುಗಟ್ಟಲೆ ಕರಕರ ಎನ್ನುತ್ತಿತ್ತು, ಆಗ ಸುಮ್ಮನಿದ್ದ. ಮದುವೆಯ ದಿನ ನಾನು ಮೊಗ್ಗು ಕೊಯ್ದು ಬರುವಷ್ಟರಲ್ಲಿ ಅಂಗಳದಲ್ಲಿ ಗೋಣಿ ಹಾಸಿ, ಹಳೆಯ ಚೈನು ಬಿಚ್ಚಿ ಕೂತಿದ್ದ. ಪಕ್ಕದಲ್ಲಿ ಉಡುಪಿಯಿಂದ ತಂದ ಚೈನ್ ಸೆಟ್ಟು: ಹೊಸ ಚೈನು, ಹಲ್ಲಿನ ಚಕ್ರ ಎರಡು.

"ಇವತ್ತೇ ಆಗಬೇಕಿತ್ತಾ ನಿನಗೆ ಇದು?"

"ಮದುವೆಗೆ ಕರಕರ ಮಾಡಿಕೊಂಡು ಹೋಗ್ಲಿಕ್ಕೆ ಆಗ್ತದಾ ಅಮ್ಮ? ಅರ್ಧ ಗಂಟೆಯ ಕೆಲಸ."

"ಮೆಕ್ಯಾನಿಕ್‌ಗೆ ಕೊಡ್ಬಹುದಿತ್ತಲ್ಲ."

"ಇದಕ್ಕೆಲ್ಲ ಮೆಕ್ಯಾನಿಕ್ ಎಂತಕ್ಕೆ?"

ಹಿಂದಿನ ದೊಡ್ಡ ಹಲ್ಲಿನ ಚಕ್ರವನ್ನು ಬೇಗನೇ ಕೂರಿಸಿದ. ಇಂಜಿನ್ ಹತ್ತಿರದ ಸಣ್ಣ ಚಕ್ರದ ನಟ್ಟು ಮಾತ್ರ ಜಪ್ಪಯ್ಯ ಎಂದರೂ ಬಿಡಲಿಲ್ಲ. ಸ್ಪ್ಯಾನರ್ ತಿರುಗಿಸಿದರೆ ಚಕ್ರವೂ ಜೊತೆಗೇ ತಿರುಗುತ್ತಿತ್ತು.

"ಅಮ್ಮ, ಸ್ವಲ್ಪ ಹತ್ತಿ ಕೂತ್ಕೊ. ಬಲಗಾಲಲ್ಲಿ ಬ್ರೇಕ್ ಒತ್ತಿ ಹಿಡಿ. ಆಗ ಅದು ತಿರುಗುದಿಲ್ಲ."

ಮದುವೆಗೆಂದು ಉಟ್ಟ ಸೀರೆ ಎತ್ತಿ ಕಟ್ಟಿ ಹತ್ತಿದೆ. ಮಡಿಲಲ್ಲಿ ಹೂವಿನ ಬುಟ್ಟಿ, ಕೈಯಲ್ಲಿ ಬಾಳೆನಾರು, ಕಾಲು ಬ್ರೇಕಿನ ಮೇಲೆ. ಸ್ಟ್ಯಾಂಡ್ ಹಾಕಿದ ಬೈಕಿನ ಮೇಲೆ ಕೂತು ಹೂ ಕಟ್ಟಿದೆ. ದಾರಿಯಲ್ಲಿ ಹೋಗುತ್ತಿದ್ದ ನೆರೆಮನೆಯವಳು ಬೇಲಿಯಿಂದಲೇ ಕೂಗಿದಳು: "ಎಲ್ಲಿಗೆ ಸವಾರಿ ಅಕ್ಕ? ಬೈಕು ಹೋಗುದೇ ಕಾಣುದಿಲ್ಲ!"

ಹೂವೆಲ್ಲ ಕಟ್ಟಿ ಮುಗಿಯಿತು. ಮೊಣಕಾಲು ಮರಗಟ್ಟಿತು. ನಟ್ಟು ಇದ್ದಲ್ಲೇ ಇತ್ತು. ಮಗ ಮೊಬೈಲಿನಲ್ಲಿ ಒಂದು ವಿಡಿಯೋ ಹಾಕಿ ನೋಡಿ, ತಲೆ ಕೆರೆದುಕೊಂಡ.

"ಓ! ಚೈನ್ ಇರುವಾಗಲೇ ಆ ನಟ್ಟು ಬಿಚ್ಚಬೇಕಿತ್ತಂತೆ. ಚೈನ್ ಇಲ್ಲದಿದ್ರೆ ಬ್ರೇಕ್ ಹಿಂದಿನ ಗಾಲಿಯನ್ನು ಮಾತ್ರ ಹಿಡೀತದೆ, ಇದಕ್ಕೆ ತಾಗುದಿಲ್ಲ."

"ಮತ್ತೆ ನಾನು ಇಷ್ಟು ಹೊತ್ತು ಎಂತದ್ದು ಒತ್ತಿದ್ದು?"

"ಬೈಬೇಡ ಮಾರಾಯ್ತಿ. ಹಳೇ ಚೈನ್ ಪುನಃ ಹಾಕ್ತೇನೆ, ನಟ್ಟು ಬಿಚ್ತೇನೆ, ಮತ್ತೆ ಚೈನ್ ತೆಗೀತೇನೆ. ಹತ್ತು ನಿಮಿಷ."

ನಾನು ಇಳಿದೆ. ಸೀರೆಯ ಅಂಚಿಗೆ ಗ್ರೀಸ್ ಮೆತ್ತಿತ್ತು. ಹೂವನ್ನು ಬಾಳೆಲೆಯಲ್ಲಿ ಸುತ್ತಿಕೊಂಡು ಬಸ್ಸಿಗೆ ನಡೆದೆ. ಭಾನುವಾರ, ಬಸ್ಸು ಕಡಿಮೆ. ಬಂದ ಬಸ್ಸು ಶಿರ್ವದಲ್ಲಿ ಜನ ತುಂಬುವವರೆಗೆ ಕದಲಲಿಲ್ಲ.

ಹಾಲ್ ಮುಟ್ಟುವಾಗ ಮದುಮಗಳ ಜಡೆ ಮುಗಿದಿತ್ತು, ಉದ್ದಕ್ಕೂ ಬಟ್ಟೆಯ ಹೂ.

"ಇದನ್ನು ತೆಗಿ. ಹೂ ತಂದಿದ್ದೇನೆ."

"ಈಗ ಹೇಗೆ ತೆಗೆಯುದು ಅಜ್ಜಿ?" ಎಂದಳು ಬ್ಯೂಟಿಶಿಯನ್. "ಪಿನ್ ತೆಗೆದ್ರೆ ಪೂರ್ತಿ ಬಿಚ್ಚಬೇಕಾಗ್ತದೆ. ಮುಹೂರ್ತಕ್ಕೆ ಕರೀತಾ ಇದ್ದಾರೆ."

ಹುಡುಗಿ ಕನ್ನಡಿಯಲ್ಲೇ ನನ್ನನ್ನು ನೋಡಿದಳು. ಕಣ್ಣು ತುಂಬಿತು.

"ಅಳ್ಬೇಡ ಮಾರಾಯ್ತಿ, ಕಾಡಿಗೆ ಇಳೀತದೆ!" ಬ್ಯೂಟಿಶಿಯನ್ ಟಿಶ್ಯೂ ಹಿಡಿದು ಓಡಿ ಬಂದಳು.

"ಹೋಗ್ಲಿ ಅಕ್ಕ, ಬಂದವರಿಗೆ ಕೊಡು," ಎಂದಳು ತಂಗಿ. ಬಾಗಿಲಲ್ಲಿ ನಿಂತು ತುಂಡು ಮಾಡಿ ಕೊಟ್ಟೆ. ಗಂಡಿನ ಕಡೆಯವಳೊಬ್ಬಳು ಎರಡು ಸಲ ಕೈ ಚಾಚಿದಳು.

ಊಟದ ಹೊತ್ತಿಗೆ ಮಗ ಬಂದ. ಉಗುರೆಲ್ಲ ಕಪ್ಪು, ಮುಖ ತುಂಬ ನಗು.

"ಅಮ್ಮ, ಈಗ ಒಂದು ಚೂರು ಸದ್ದಿಲ್ಲ. ಬಂದು ಕೇಳಿ ನೋಡು. ಹೂ ಸಾಕಾಯ್ತಾ?"

"ಸಾಕಾಯ್ತು. ಮದುಮಗಳನ್ನು ಬಿಟ್ಟು ಎಲ್ಲರಿಗೂ ಸಾಕಾಯ್ತು."

ಅವನು ವೇದಿಕೆಯ ಕಡೆ ನೋಡಿದ. ಕೈ ತೊಳೆಯಲು ಹೋದ, ತುಂಬ ಹೊತ್ತು ತೊಳೆದ. ಸಂಜೆ ನಾನು ಬಸ್ಸಿನಲ್ಲೇ ಮನೆಗೆ ಹೊರಟೆ. ಅವನು ಮನೆಯವರೆಗೂ ಬಸ್ಸಿನ ಹಿಂದೆಯೇ ಬೈಕಿನಲ್ಲಿ ಬಂದ.